ಆರು ವರ್ಷ ಓದಿದ ಮಕ್ಕಳ ಬೈಬಲ್: ಚಿತ್ರ ಚೆಂದ, ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ

ಈ ಪುಸ್ತಕದ ಮೇಲೆ ದೊಡ್ಡ ದೂರು ಒಂದೇ. ಗಟ್ಟಿಯಾಗಿ ಓದಿದರೆ ಉಸಿರು ಸಾಲುವುದಿಲ್ಲ.

ದಾವೀದ ಗೊಲ್ಯಾತರ ಪುಟ ತೆಗೆಯಿರಿ. ವಾಕ್ಯಗಳ ಧಾಟಿ ಸುಮಾರಾಗಿ ಹೀಗಿದೆ: ‘ದೈತ್ಯಾಕಾರದ ಗೊಲ್ಯಾತನನ್ನು ಕಂಡು ಭಯಭೀತರಾಗಿ ನಿಂತಿದ್ದ ಸೈನಿಕರ ಮಧ್ಯದಿಂದ ಕುರಿಗಳನ್ನು ಕಾಯುವ ಬಾಲಕನಾದ ದಾವೀದನು ಮುಂದೆ ಬಂದನು.’ ನಾಲ್ಕು ವರ್ಷದ ಮಗು ‘ದೈತ್ಯಾಕಾರ’ದಲ್ಲೇ ನಿಂತುಬಿಡುತ್ತದೆ. ದಾವೀದ ಬರುವಷ್ಟರಲ್ಲಿ ಅದರ ಕಣ್ಣು ಪಕ್ಕದ ಪುಟದ ಕುರಿಮರಿಯ ಮೇಲಿರುತ್ತದೆ. ಓದುವವರಿಗೂ ಕಷ್ಟವೇ. ಯಾರು, ಯಾರನ್ನು, ಏನು ಮಾಡಿದರು ಎಂಬುದೆಲ್ಲ ಕೊನೆಯ ಕ್ರಿಯಾಪದದವರೆಗೂ ನೇತಾಡುತ್ತಿರುತ್ತದೆ. ರಾತ್ರಿ ಊಟ ಮುಗಿದು, ಮನೆ ಪ್ರಾರ್ಥನೆ ಆಗಿ, ಹಾಸಿಗೆ ಹಾಸಿ ಕೂತ ಹೊತ್ತಿನಲ್ಲಿ ಇಂಥ ವಾಕ್ಯ ಯಾರಿಗೂ ಬೇಡ.

ಹೀಗಾಗುವುದಕ್ಕೆ ಕಾರಣವಿದೆ. ಚರ್ಚಿನ ಪುಸ್ತಕದ ಮೇಜಿನ ಮೇಲೆ ಸಿಗುವ ಇಂಥ ದಪ್ಪ ರಟ್ಟಿನ ಬಣ್ಣದ ಪುಸ್ತಕಗಳಲ್ಲಿ ಎಷ್ಟೋ ಹಲವು ಭಾಷೆಗಳಿಗೆ ಒಟ್ಟಿಗೆ ಅಚ್ಚಾಗುವಂಥವು. ಚಿತ್ರದ ಬಣ್ಣಗಳು ಎಲ್ಲ ಭಾಷೆಗೂ ಒಂದೇ, ಭಾಷೆ ಬದಲಾದಾಗ ಬದಲಾಗುವುದು ಅಕ್ಷರದ ಕಪ್ಪು ಪ್ಲೇಟ್ ಮಾತ್ರ. ಇಂಗ್ಲಿಷಿಗೆ ಅಳೆದು ಬಿಟ್ಟ ಜಾಗದಲ್ಲೇ ಕನ್ನಡ ಕೂರಬೇಕು. ನಮ್ಮ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು, ಅದು ಅಲ್ಲಿರುವುದಿಲ್ಲ. ಅಕ್ಷರ ಚಿಕ್ಕದಾಗುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಜಾಗ ಉಳಿಸಲು ಅನುವಾದಕರು ಮೂರು ಪುಟ್ಟ ವಾಕ್ಯಗಳನ್ನು ಒಂದಾಗಿ ಹೆಣೆಯುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪ್ರೆಸ್ ಶುರುವಾದದ್ದು 1841ರಲ್ಲಿ. ಕಿಟ್ಟೆಲ್ ಅವರು ಯೇಸು ಸ್ವಾಮಿಯ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಕೊಟ್ಟದ್ದು 1862ರಲ್ಲಿ. ಜರ್ಮನಿಯಿಂದ ಬಂದವರೊಬ್ಬರು ಈ ಕಥೆ ಕನ್ನಡದ ಬಾಯಲ್ಲಿ ನಿಲ್ಲಬೇಕೆಂದು ಅಷ್ಟು ಶ್ರಮಪಟ್ಟ ನಾಡಿನಲ್ಲಿ, ಮಕ್ಕಳ ಪುಸ್ತಕದ ವಾಕ್ಯವನ್ನು ಅಚ್ಚಿಗೆ ಮೊದಲು ಯಾರಾದರೂ ಒಮ್ಮೆ ಬಾಯಿಬಿಟ್ಟು ಓದಿ ನೋಡಬಾರದಿತ್ತೇ ಎಂದು ಪ್ರತಿ ರಾತ್ರಿ ಅನಿಸುತ್ತದೆ.

ಇದಕ್ಕೆ ಪರಿಹಾರ, ಪುಟ್ಟ ವಾಕ್ಯಗಳನ್ನು ನಾವೇ ಬರೆದು ಅಂಟಿಸುವ ಚೀಟಿ. ಪುಟಗಳು ಮಿರುಗುವ ಆರ್ಟ್ ಪೇಪರ್ ಆದ್ದರಿಂದ ಪೆನ್ಸಿಲ್ ಜಾರುತ್ತದೆ, ಪೆನ್ನಿನ ಶಾಯಿ ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ. ಮೂರು ಇಂಚಿನ ಅಂಟುಚೀಟಿಗಳೇ ಸರಿ. ಒಂದು ಕಥೆಗೆ ಎರಡು ಅಥವಾ ಮೂರು ಸಾಕು, ಚಿತ್ರದ ಮೇಲೆ ಬೀಳದಂತೆ ಅಕ್ಷರದ ಮೇಲೆಯೇ ಅಂಟಿಸಬೇಕು. ಬರೆಯುವಾಗ ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ, ಆರೇಳು ಪದ ಮೀರುವಂತಿಲ್ಲ. ‘ಗೊಲ್ಯಾತ ಎದ್ದು ನಿಂತ. ಎಲ್ಲರಿಗೂ ಹೆದರಿಕೆ. ದಾವೀದ ಚಿಕ್ಕ ಹುಡುಗ. ಅವನು ಹೊಳೆಯ ಹತ್ತಿರ ಹೋದ. ಐದು ಕಲ್ಲು ಆರಿಸಿದ.’ ಇಲ್ಲಿ ಕಲ್ಲುಗಳನ್ನು ಬೆರಳಲ್ಲಿ ಎಣಿಸುತ್ತಾ ಓದಬೇಕು, ಐದನೆಯದಕ್ಕೆ ಮಗುವೇ ಬಾಯಿ ಹಾಕುತ್ತದೆ. ದೇವದೂತರು, ಕುರುಬರು, ಜಕ್ಕಾಯ ಆಡುವ ಮಾತು ಮನೆಯ ಕನ್ನಡದಲ್ಲೇ ಇರಲಿ. ಧಾರವಾಡದ ಮನೆಯಲ್ಲಿ ದೂತ ‘ಅಂಜಬ್ಯಾಡ್ರಿ’ ಅಂದರೆ ತಪ್ಪಿಲ್ಲ. ಯೇಸು ಸ್ವಾಮಿಯ ಮಾತುಗಳನ್ನು ಮಾತ್ರ ದೊಡ್ಡವರು ಓದುವ ಬೈಬಲ್ ಆದ ಸತ್ಯವೇದದಲ್ಲಿ ಇರುವಂತೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಅದನ್ನೇ ಮಗು ಭಾನುವಾರ ಚರ್ಚಿನಲ್ಲಿ ಕೇಳುತ್ತದೆ, ಕಿವಿ ಗುರುತು ಹಿಡಿಯುತ್ತದೆ. ಚೀಟಿಯ ಅಂಟು ವರ್ಷದೊಳಗೆ ಒಣಗುತ್ತದೆ, ಮತ್ತೆ ಬರೆಯಬೇಕು. ಎರಡನೇ ಸಲ ಬರೆದದ್ದು ಮೊದಲಿನದಕ್ಕಿಂತ ಚಿಕ್ಕದೂ ಚೆಂದವೂ ಆಗಿರುತ್ತದೆ.

ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ಪುಸ್ತಕ ಕೊಳ್ಳಲೇಬೇಡಿ. ಆ ವಯಸ್ಸಿಗೆ ಅಂಗೈಯಗಲದ, ಎಲ್ಲ ಪುಟವೂ ರಟ್ಟಿನದೇ ಆದ ಪುಸ್ತಕ ಬೇಕು: ಮೂಲೆ ದುಂಡಗಿರಬೇಕು, ಪುಟಕ್ಕೆ ಒಂದೇ ಚಿತ್ರ, ಒಂದೇ ಹೆಸರು. ಕನ್ನಡದಲ್ಲಿ ಇವು ಸಿಗುವುದು ಅಪರೂಪ. ಇಂಗ್ಲಿಷಿನದನ್ನೇ ಕೊಂಡು, ಅಕ್ಷರ ಮರೆತು ಚಿತ್ರ ತೋರಿಸುತ್ತಾ ಕನ್ನಡದಲ್ಲಿ ಮಾತಾಡಿದರೆ ಸಾಕು. ಮುಚ್ಚಳ ಎತ್ತಿ ನೋಡುವ ಗೋದಲಿಯ ಪುಸ್ತಕಗಳು ಆಸೆ ಹುಟ್ಟಿಸುತ್ತವೆ, ಆದರೆ ಎರಡು ತುಂಬುವ ಮೊದಲು ಕೊಟ್ಟರೆ ಡಿಸೆಂಬರ್ ಮುಗಿಯುವಷ್ಟರಲ್ಲಿ ಕುರಿ, ಕತ್ತೆ, ಕುರುಬ ಎಲ್ಲ ಕಿತ್ತು ಬಂದಿರುತ್ತವೆ. ವರ್ಷಕ್ಕೆ 1,200 ರೂಪಾಯಿ ಮೀರಬಾರದು ಎಂಬ ಲೆಕ್ಕದ ಮನೆಗಳಿಗೆ ಎರಡು ರಟ್ಟಿನ ಪುಸ್ತಕ ಸಾಕು: ಒಂದು ಸೃಷ್ಟಿಯದು, ಒಂದು ತಪ್ಪಿಹೋದ ಕುರಿಯದು. ನೋಹನ ನಾವೆಯದು ಎಲ್ಲ ಕಡೆ ಸಿಗುತ್ತದೆ. ಪ್ರಾಣಿಗಳ ಹೆಸರು ಕಲಿಯಲು ಒಳ್ಳೆಯದೇ, ಆದರೆ ‘ನಾವೆ ಹತ್ತದವರು ಏನಾದರು?’ ಎಂಬ ಪ್ರಶ್ನೆ ನಾಲ್ಕರ ಸುಮಾರಿಗೆ ಬಂದೇ ಬರುತ್ತದೆ, ಉತ್ತರ ಇಟ್ಟುಕೊಂಡಿರಿ.

ಇನ್ನು ಹಬ್ಬಗಳ ಲೆಕ್ಕ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲಕ್ಕೆಂದು ಮಾರುವ ಪುಸ್ತಕಗಳಲ್ಲಿ ಹೆಚ್ಚಿನವು ಡಿಸೆಂಬರ್ 1ರಿಂದ 24 ಕಥೆ ಎಂದು ಹಾಕಿರುತ್ತವೆ. ಆದರೆ ಆಗಮನದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಯಾವಾಗಲಾದರೂ ಬೀಳಬಹುದು. 2023ರಲ್ಲಿ ಡಿಸೆಂಬರ್ 3, 2026ರಲ್ಲಿ ನವೆಂಬರ್ 29. ಚರ್ಚಿನಲ್ಲಿ ಮೊದಲ ಮೇಣದಬತ್ತಿ ಹಚ್ಚಿದ ದಿನ ಪುಸ್ತಕವೂ ಶುರುವಾಗಬೇಕು ಎನ್ನುವವರಿಗೆ ಇದು ಹೊಂದುವುದಿಲ್ಲ. ಡಿಸೆಂಬರ್ 15 ದಾಟಿದರೆ ಕ್ಯಾರಲ್ ಸುತ್ತಾಟ, ಸಂಡೇ ಸ್ಕೂಲಿನ ನಾಟಕದ ತಾಲೀಮು ಸೇರಿ ವಾರಕ್ಕೆ ಮೂರು ರಾತ್ರಿ ಓದು ತಪ್ಪುತ್ತದೆ. ಹಾಗಾಗಿ ದಿನಕ್ಕೊಂದು ಕಥೆಯ ಪುಸ್ತಕ ಬಿಟ್ಟು, ಈ ದೊಡ್ಡ ಬೈಬಲಿನಲ್ಲೇ ಭಾನುವಾರಕ್ಕೆ ಒಂದರಂತೆ ನಾಲ್ಕು ಕಥೆ ಗುರುತು ಮಾಡಿಕೊಳ್ಳುವುದು ಸುಲಭ: ಜಕರೀಯ, ಮರಿಯಳಿಗೆ ದೂತನ ಮಾತು, ಬೇತ್ಲೆಹೇಮಿನ ದಾರಿ, ಕುರುಬರು.

ಮಗು ಯೇಸುವನ್ನು ನೋಡಲು ಬಂದ ಜ್ಞಾನಿಗಳ ಪುಟವನ್ನು, ಅವರನ್ನು ನೆನೆಯುವ ಜನವರಿ 6ಕ್ಕೆ ಎತ್ತಿಡಿ. ಈ ಪುಸ್ತಕದ ಚಿತ್ರದಲ್ಲಿ ಮೂವರು ರಾಜರು ಕಿರೀಟ ಹಾಕಿಕೊಂಡು ಗೋದಲಿಯ ಮುಂದೆ ಮೊಣಕಾಲೂರಿದ್ದಾರೆ. ಮತ್ತಾಯನ 2ನೇ ಅಧ್ಯಾಯದಲ್ಲಿ ಎಷ್ಟು ಜನ ಎಂಬ ಲೆಕ್ಕವಿಲ್ಲ, ರಾಜರು ಎಂದೂ ಇಲ್ಲ, ಅವರು ಬಂದದ್ದು ಮನೆಗೆ. ಚಿತ್ರ ತಿದ್ದಲಾಗುವುದಿಲ್ಲ, ಚೀಟಿಯಲ್ಲಾದರೂ ಮಾತು ಸರಿಯಿರಲಿ. ಎಂಟು ವರ್ಷದ ಮಕ್ಕಳಿಗೆ ಈ ವ್ಯತ್ಯಾಸ ಹುಡುಕುವುದೇ ಒಂದು ಆಟ.

ತಪಸ್ಸುಕಾಲ ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು 40 ದಿನ. ನಮ್ಮಲ್ಲಿ ಅದು ಹೆಚ್ಚಾಗಿ ಪರೀಕ್ಷೆಯ ಮೇಲೆಯೇ ಬರುತ್ತದೆ. 40 ದಿನದ ಪುಸ್ತಕ ಕೊಂಡರೆ ಹತ್ತನೇ ದಿನಕ್ಕೆ ನಿಲ್ಲುತ್ತದೆ. ಈಸ್ಟರ್‌ಗೆ ಮುಂಚಿನ ಶ್ರಮೆಯ ವಾರ ಒಂದನ್ನು ಗಟ್ಟಿಯಾಗಿ ಹಿಡಿಯುವುದು ಮೇಲು. ಮಕ್ಕಳ ಪುಸ್ತಕ ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಂತು ಈ ಭಾಗ ತೆಗೆದು ನೋಡಿ. ಎಷ್ಟೋ ಪುಸ್ತಕಗಳು ಗರಿಗಳ ಭಾನುವಾರದ ಕತ್ತೆಯಿಂದ ನೇರ ಖಾಲಿ ಸಮಾಧಿಗೆ ಹಾರುತ್ತವೆ. ಶಿಲುಬೆಯ ಶುಕ್ರವಾರವೇ ಇಲ್ಲದ ಮೇಲೆ ಭಾನುವಾರದ ಸಂತೋಷ ಮಗುವಿಗೆ ಎಲ್ಲಿಂದ ಬರಬೇಕು? ಈ ಪುಸ್ತಕ ಇಲ್ಲಿ ಗೆದ್ದಿದೆ. ಶುಕ್ರವಾರಕ್ಕೆ ನಾಲ್ಕು ಪುಟ, ರಕ್ತವಿಲ್ಲ, ದೂರದ ಗುಡ್ಡದ ಮೇಲೆ ಮೂರು ಶಿಲುಬೆ, ಮೇಲೆ ಕಪ್ಪಿಗೆ ತಿರುಗಿದ ಆಕಾಶ. ನಾಲ್ಕರ ಮಗುವಿಗೆ ಆ ಚಿತ್ರ, ಒಂದು ವಾಕ್ಯ, ಒಂದಿಷ್ಟು ಮೌನ ಸಾಕು. ಆರರ ಮಗುವಿಗೆ ಮೊಳೆಗಳಿಗಿಂತ ಪೇತ್ರನ ಪುಟ ಹೆಚ್ಚು ತಾಗುತ್ತದೆ. ಗೆಳೆಯನನ್ನು ಗೊತ್ತಿಲ್ಲ ಎಂದು ಮೂರು ಸಲ ಹೇಳಿದ್ದು, ಕೋಳಿ ಕೂಗಿದ್ದು, ಇದು ಅವರ ಶಾಲೆಯ ಅಂಗಳದಲ್ಲೂ ನಡೆಯುವ ವಿಷಯ.

ಅದೇ ಪುಸ್ತಕ ಲಾಜರನ ಕಥೆಯಲ್ಲಿ ಎಡವಿದೆ. ಸಮಾಧಿಯ ಕಲ್ಲು ಉರುಳುತ್ತದೆ, ಲಾಜರ ಹೊರಗೆ ಬರುತ್ತಾನೆ, ಎಲ್ಲರೂ ನಗುತ್ತಾರೆ. ಯೋಹಾನ 11ರ 35ನೇ ವಚನ, ಯೇಸು ಕಣ್ಣೀರು ಬಿಟ್ಟದ್ದು, ಇಲ್ಲವೇ ಇಲ್ಲ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ತೀರಿಕೊಂಡ ವಾರ ಮಗುವಿಗೆ ಬೇಕಾದದ್ದು ಆ ಒಂದು ಸಾಲು. ಯಾಕೆಂದರೆ ಅವರ ಅಜ್ಜ ಎದ್ದು ಬಂದಿರುವುದಿಲ್ಲ, ದೊಡ್ಡವರು ಮಾತ್ರ ಅಳುತ್ತಿರುತ್ತಾರೆ. ಸ್ವಾಮಿಯೂ ಅತ್ತಿದ್ದರು ಎಂಬುದು ಅಲ್ಲಿ ಸಿಗಬೇಕು. ಚೀಟಿ ಎಲ್ಲೂ ಹಚ್ಚದಿದ್ದರೂ ಇಲ್ಲೊಂದು ಹಚ್ಚಿ.

ಸುಗ್ಗಿ ಹಬ್ಬಕ್ಕೂ ಕರಾವಳಿಯ ತೆನೆ ಹಬ್ಬಕ್ಕೂ ರೂತಳ ಕಥೆಯೇ ಸರಿ, ಹೊಲ, ತೆನೆ, ಅತ್ತೆ ಸೊಸೆ ಎಲ್ಲ ಅಲ್ಲಿದ್ದಾರೆ. ಇದರಲ್ಲಿ ಅದಕ್ಕೆ ಎರಡೇ ಪುಟ.

ಮಳೆಗಾಲದ ಬಗ್ಗೆ ಕರಾವಳಿ, ಮಲೆನಾಡಿನವರು ಕೇಳಿ. ಆರ್ಟ್ ಪೇಪರ್ ಒದ್ದೆಯಾಗಿ ಒಣಗಿದರೆ ಎರಡು ಪುಟ ಒಂದಾಗುತ್ತವೆ, ಬಿಡಿಸಲು ಹೋದರೆ ಚಿತ್ರವೇ ಸುಲಿದು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗದಂತೆ ನಿಲ್ಲಿಸಿಡಿ, ವಾರಕ್ಕೊಮ್ಮೆ ಪುಟ ಬೀಸಿ ಗಾಳಿಯಾಡಿಸಿ. ನೀರು ಬಿದ್ದರೆ ಒಣಗುವ ಮೊದಲೇ ಪುಟಗಳ ನಡುವೆ ಬಿಳಿ ಕಾಗದ ಹಾಕಬೇಕು. ಕಟ್ಟು ಗಟ್ಟಿಯಿದೆಯೇ ಎಂದು ತಿಳಿಯಲು ಪುಸ್ತಕವನ್ನು ನಡುವೆ ಬಿಚ್ಚಿ, 16 ಪುಟಕ್ಕೊಮ್ಮೆ ನೂಲು ಕಾಣುತ್ತದೆಯೇ ನೋಡಿ. ಬರೀ ಅಂಟಿನ ಕಟ್ಟಾದರೆ ಮೊದಲು ಕಳಚುವುದು ಆದಿಕಾಂಡದ ಪುಟಗಳು, ಎಲ್ಲರೂ ಮೊದಲಿನಿಂದಲೇ ಶುರು ಮಾಡುತ್ತಾರಲ್ಲ. ಸೆಲ್ಲೋ ಟೇಪ್ ಹಚ್ಚಬೇಡಿ, ಹಳದಿಯಾಗಿ ಪುಟ ತಿನ್ನುತ್ತದೆ. ಬೆನ್ನಿನ ಅಂಚಿಗೆ ತೆಳ್ಳಗೆ ಫೆವಿಕಾಲ್ ಎಳೆದು, ಭಾರ ಇಟ್ಟು ಒಂದು ರಾತ್ರಿ ಬಿಟ್ಟರೆ ಕೂರುತ್ತದೆ. ಈ ಪುಸ್ತಕ ಹೊಲಿಗೆಯದು, ಆರು ವರ್ಷವಾದರೂ ಒಂದು ಪುಟ ಕಳಚಿಲ್ಲ.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಆರು, ಏಳರಲ್ಲಿ ಮಕ್ಕಳು ತಾವೇ ಕೂಡಿಸಿ ಓದುವಾಗ ಈ ಪುಸ್ತಕ ಇನ್ನೂ ಕಷ್ಟ. ‘ನೆಬೂಕದ್ನೆಚ್ಚರ’ ಎಂಬ ಹೆಸರಲ್ಲೇ ಎರಡು ಒತ್ತು, ಅಕ್ಷರವೂ ಪುಟ್ಟದು. ಆ ಎರಡು ವರ್ಷಕ್ಕೆ 18 ಪಾಯಿಂಟಿನ ದೊಡ್ಡ ಅಕ್ಷರದ, ಪಿನ್ ಹೊಡೆದ 16 ಪುಟದ ಅಗ್ಗದ ಕಿರುಪುಸ್ತಕಗಳೇ ಬೇಕು. ಆದರೆ ಎಂಟು ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ನಾಲ್ಕರಲ್ಲಿ ಗಂಟಲಿಗೆ ಸಿಕ್ಕ ಅದೇ ‘ಬಂದನು, ಹೇಳಿದನು, ಆತನು’ ಧಾಟಿ ಸತ್ಯವೇದದ ಧಾಟಿಗೆ ತೀರಾ ಹತ್ತಿರ. ಆಡುಮಾತಿನ ಪುಸ್ತಕವನ್ನಷ್ಟೇ ಓದಿದ ಮಕ್ಕಳು ಮಾರ್ಕನ ಮೊದಲ ಅಧ್ಯಾಯದಲ್ಲೇ ತಡವರಿಸುತ್ತಾರೆ. ಈ ಪುಸ್ತಕದಲ್ಲಿ ಪಳಗಿದವರು ನಿಲ್ಲದೆ ಓದುತ್ತಾರೆ. ಚೀಟಿಗಳನ್ನು ಒಂದೊಂದಾಗಿ ಕಿತ್ತು, ಕೆಳಗಿನ ಅಚ್ಚಿನ ಸಾಲನ್ನು ಅವರೇ ಓದಲಿ, ಇದೇ ದಾಟುವ ಮೆಟ್ಟಿಲು. ಒಂದು ಎಚ್ಚರಿಕೆ: ಇದರಲ್ಲಿ ಹೆಸರುಗಳು ಹಳೆಯ ಅನುವಾದದವು, ಯೆಹೋವ, ಯೋಹಾನ, ಯೋಸೇಫ. ನಿಮ್ಮ ಚರ್ಚಿನಲ್ಲಿ ಸರ್ವೇಶ್ವರ, ಯೊವಾನ್ನ, ಜೋಸೆಫ ಎಂದು ಓದುವುದಾದರೆ ಮೊದಲೇ ಹೇಳಿಕೊಡಿ, ಇಲ್ಲವಾದರೆ ಮಗು ಇಬ್ಬರು ಬೇರೆ ಬೇರೆ ಎಂದುಕೊಳ್ಳುತ್ತದೆ.

ಒಂಬತ್ತು ಹತ್ತರ ಮಕ್ಕಳಿಗೆ ಮುಂದಿನ ದಾರಿ ಹೀಗೆ. ಶ್ರಮೆಯ ವಾರಕ್ಕೆ ಮಾರ್ಕನ ಸುವಾರ್ತೆ: ಭಾನುವಾರ 11ನೇ ಅಧ್ಯಾಯ, ಸೋಮವಾರ 12, ಮಂಗಳವಾರ 13, ಬುಧವಾರ 14ರ ಮೊದಲ 11 ವಚನ, ಗುರುವಾರ ಉಳಿದದ್ದು, ಶುಕ್ರವಾರ 15, ಶನಿವಾರ ಏನೂ ಇಲ್ಲ, ಈಸ್ಟರ್ ಬೆಳಿಗ್ಗೆ 16. ಡಿಸೆಂಬರಿಗೆ ಲೂಕ, 24 ಅಧ್ಯಾಯ 24 ದಿನ. ಮೊದಲ ಅಧ್ಯಾಯವೇ 80 ವಚನ, ಅದನ್ನು ಎರಡು ಭಾಗ ಮಾಡಿ ನವೆಂಬರ್ 30ಕ್ಕೇ ಶುರು ಮಾಡಿ. ಹೀಗೆ ಓದಿದರೆ ಯೇಸುವಿನ ಜನನ ಡಿಸೆಂಬರ್ 2ಕ್ಕೆ ಬಂದು, 24ರ ರಾತ್ರಿ, ಸತ್ತು ಎದ್ದ ಯೇಸು ಇಬ್ಬರು ಶಿಷ್ಯರ ಜೊತೆ ನಡೆದ ಎಮ್ಮಾಹುವಿನ ದಾರಿ ಸಿಗುತ್ತದೆ. ಅದಾದ ಮೇಲೆ ಅದೇ ರಾತ್ರಿ 2ನೇ ಅಧ್ಯಾಯವನ್ನು ಮತ್ತೊಮ್ಮೆ ಓದಿಸಿ, ಈ ಸಲ ಚಿತ್ರದ ಪುಸ್ತಕದಿಂದ, ಮನೆಯ ಚಿಕ್ಕ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು.