ಸ್ಪಿಟ್‌ಫೈರ್, ಕಬ್, ಟೈಗರ್ ಮಾತ್, ಗ್ಲೈಡರ್: ನೋಡಲೂ ಚೆಂದ, ಹಾರಿಸಲೂ ಹಿತ ಯಾವುದು?

ಟೇಬಲ್ ಮೇಲೆ ಇಟ್ಟು ನೋಡಿದರೆ ಸ್ಪಿಟ್‌ಫೈರ್‌ನಷ್ಟು ಚೆಂದದ ವಿಮಾನ ಇನ್ನೊಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಬೇರೆ ವಿಮಾನದ ಪರವಾಗಿ ಮಾತಾಡಲಿದ್ದೇನೆ.

ನಾನು ಹೇಳುತ್ತಿರುವುದು ರಿಮೋಟ್ ಹಿಡಿದು ಹಾರಿಸುವ ಮಾಡೆಲ್ ವಿಮಾನಗಳ ವಿಷಯ. ಕೋಲಾರದ ಸುತ್ತಮುತ್ತ ಒಂಬತ್ತು ವರ್ಷದಿಂದ ಹಾರಿಸುತ್ತಿದ್ದೇನೆ. ಮೊದಲು ಊರಿನ ಒಣಗಿದ ಕೆರೆ ಅಂಗಳವೇ ನಮ್ಮ ರನ್‌ವೇ ಆಗಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಕೋಲಾರದ ಕಡೆಗೆ ಬರಲು ಶುರುವಾಯಿತು. ಒಂದೊಂದೇ ಕೆರೆ ತುಂಬುತ್ತಾ ನಮ್ಮ ಕೆರೆಗೂ ನೀರು ಬಂತು. ಚಿಕ್ಕಂದಿನಿಂದ ಬರೀ ಬಿರುಕು ನೆಲ ನೋಡಿದವನಿಗೆ ಆ ನೀರು ನೋಡಿ ಕಣ್ಣು ತುಂಬಿತ್ತು. ಅವತ್ತಿನಿಂದ ನಾವು ಗೆಳೆಯನ ರಾಗಿ ಹೊಲಕ್ಕೆ ಬಂದೆವು. ರಾಗಿ ಕೊಯ್ದ ಮೇಲೆ, ಮತ್ತೆ ಉಳುವ ತನಕ, ಆ ಎರಡೂವರೆ ಎಕರೆ ನಮ್ಮದು. ಪೂರ್ವಕ್ಕೆ ಟೊಮೆಟೊ ತೋಟ, ಉತ್ತರಕ್ಕೆ ನೀಲಗಿರಿ ತೋಪು. ಎರಡೂ ವಿಮಾನಕ್ಕೆ ಒಳ್ಳೆಯ ನೆರೆಹೊರೆ ಅಲ್ಲ.

ಇಷ್ಟು ವರ್ಷದಲ್ಲಿ ಕೈಗೆ ಬಂದ ವಿಮಾನಗಳು ಹಲವು. ಇಲ್ಲಿ ಹೋಲಿಸುತ್ತಿರುವುದು ನಾಲ್ಕನ್ನು ಮಾತ್ರ: 1.2 ಮೀಟರ್ ರೆಕ್ಕೆಯ ಸ್ಪಿಟ್‌ಫೈರ್, 1.4 ಮೀಟರ್‌ನ ಪೈಪರ್ ಕಬ್, 1.2 ಮೀಟರ್‌ನ ಟೈಗರ್ ಮಾತ್, 2 ಮೀಟರ್‌ನ ಮೋಟಾರ್ ಗ್ಲೈಡರ್. ನಾಲ್ಕನ್ನೂ ಒಂದೇ ಹೊಲದಲ್ಲಿ, ಒಂದೇ ರಿಮೋಟ್‌ನಲ್ಲಿ, ಒಂದೇ ತರಹದ 3 ಸೆಲ್, 2200 ಎಂಎಎಚ್ ಬ್ಯಾಟರಿಯಲ್ಲಿ ಹಾರಿಸಿದ್ದೇನೆ. ಹಾಗಾಗಿ ಹೋಲಿಕೆ ನ್ಯಾಯವಾಗಿಯೇ ಇದೆ ಎಂದು ನನ್ನ ನಂಬಿಕೆ.

ಒಂದು ಲೆಕ್ಕ ಮೊದಲು ನೋಡಿಬಿಡೋಣ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಅಂಗೈ ಅಗಲದ ತುಂಡು ರೆಕ್ಕೆ, ಅಂದರೆ 10 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ತುಂಡು, ಎಷ್ಟು ತೂಕ ಹೊರಬೇಕು? ನನ್ನ ಸ್ಪಿಟ್‌ಫೈರ್‌ನಲ್ಲಿ 50 ಗ್ರಾಂ. ಕಬ್‌ನಲ್ಲಿ 33. ಟೈಗರ್ ಮಾತ್‌ನಲ್ಲಿ ಹತ್ತಿರ ಹತ್ತಿರ 32. ಗ್ಲೈಡರ್‌ನಲ್ಲಿ ಬರೀ 21. ಈ ತೂಕ ಜಾಸ್ತಿಯಾದಷ್ಟೂ ವಿಮಾನ ಬೀಳದೆ ಇರಲು ಜಾಸ್ತಿ ವೇಗ ಬೇಕು. ವೇಗ ಏರುವುದು ತೂಕದ ವರ್ಗಮೂಲದ ಲೆಕ್ಕದಲ್ಲಿ. ಹಾಗೆ ನೋಡಿದರೆ ನನ್ನ ಸ್ಪಿಟ್‌ಫೈರ್ ಎಷ್ಟೇ ನಿಧಾನ ಹೋದರೂ ಗ್ಲೈಡರ್‌ನ ಒಂದೂವರೆ ಪಟ್ಟು ವೇಗ ಇಟ್ಟುಕೊಂಡಿರಲೇಬೇಕು. ಕೋಲಾರ ಬೇರೆ ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಕಡಲ ತೀರಕ್ಕಿಂತ ಹೆಚ್ಚು ಕಡಿಮೆ ನೂರಕ್ಕೆ ಎಂಟರಷ್ಟು ತೆಳು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ಮಂಗಳೂರಿನಲ್ಲಿ ಮೆತ್ತಗೆ ಇಳಿಯುವ ಅದೇ ಮಾಡೆಲ್ ಇಲ್ಲಿ ಸ್ವಲ್ಪ ರಭಸದಲ್ಲೇ ಇಳಿಯುತ್ತದೆ.

ಈಗ ಸ್ಪಿಟ್‌ಫೈರ್. ಆರ್.ಜೆ. ಮಿಚೆಲ್ ಅವರ ತಂಡ ರೂಪಿಸಿದ ಈ ಬ್ರಿಟಿಷ್ ಯುದ್ಧವಿಮಾನ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಮಿಚೆಲ್ ಮರುವರ್ಷವೇ ತೀರಿಕೊಂಡರು. ಅದು ಎರಡನೇ ಮಹಾಯುದ್ಧದಲ್ಲಿ ಮಾಡಿದ್ದನ್ನು ಅವರು ನೋಡಲೇ ಇಲ್ಲ. ನಮ್ಮ ವಾಯುಪಡೆಯೂ ಸ್ಪಿಟ್‌ಫೈರ್ ಹಾರಿಸಿದೆ. ಇದರ ಚೆಂದವೆಲ್ಲ ರೆಕ್ಕೆಯಲ್ಲಿದೆ. ವೀಳ್ಯದೆಲೆಯ ಅಂಚಿನ ಹಾಗೆ ಎಲ್ಲೂ ಮೂಲೆ ಇಲ್ಲದ ರೆಕ್ಕೆ. ಅದು ಅಂದಕ್ಕೆ ಅಂತ ಮಾಡಿದ್ದಲ್ಲ. ರೆಕ್ಕೆ ತೆಳ್ಳಗೆ ಇರಬೇಕು, ಆದರೆ ಬುಡದಲ್ಲಿ ಚಕ್ರ ಮತ್ತು ಬಂದೂಕು ಹಿಡಿಸುವಷ್ಟು ಅಗಲ ಬೇಕು. ಆ ಎರಡೂ ಬೇಡಿಕೆಗೆ ಒಪ್ಪಿದ ಆಕಾರ ಇದು. ಗಾಳಿಯ ಎಳೆತವೂ ಈ ಆಕಾರದಲ್ಲಿ ಕಡಿಮೆ.

ಇದೇ ಆಕಾರ ಚಿಕ್ಕ ಮಾಡೆಲ್‌ನಲ್ಲಿ ಕಾಟ ಕೊಡುತ್ತದೆ. ಅಂಡಾಕಾರದ ರೆಕ್ಕೆ ಬುಡದಿಂದ ತುದಿಯ ತನಕ ಒಟ್ಟೊಟ್ಟಿಗೆ ಸ್ಟಾಲ್ ಆಗಲು, ಅಂದರೆ ವಿಮಾನವನ್ನು ಎತ್ತಿ ಹಿಡಿಯುವ ಶಕ್ತಿ ಕಳೆದುಕೊಳ್ಳಲು, ಹೊರಡುತ್ತದೆ. ನಿಜವಾದ ಸ್ಪಿಟ್‌ಫೈರ್‌ನಲ್ಲಿ ಇದನ್ನು ತಡೆಯಲು ರೆಕ್ಕೆಯನ್ನು ತುದಿಯ ಕಡೆಗೆ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಕೆಳಕ್ಕೆ ತಿರುಚಿದ್ದರು. ಬುಡ ಮೊದಲು ನಡುಗುತ್ತಿತ್ತು, ಪೈಲಟ್‌ಗೆ ಎಚ್ಚರಿಕೆ ಸಿಗುತ್ತಿತ್ತು. ನನ್ನ ಫೋಮ್ ಮಾಡೆಲ್‌ನಲ್ಲಿ ಆ ತಿರುಚು ಕಣ್ಣಿಗೆ ಕಾಣುವಷ್ಟಿಲ್ಲ. ತುದಿ ಸಣ್ಣದು, ಸಣ್ಣ ರೆಕ್ಕೆಯ ಮೇಲೆ ಗಾಳಿ ಬೇಗ ಬಿಟ್ಟುಹೋಗುತ್ತದೆ. ಎಚ್ಚರಿಕೆ ಇಲ್ಲ. ಒಂದು ರೆಕ್ಕೆ ಥಟ್ಟನೆ ಬೀಳುತ್ತದೆ, ಅಷ್ಟೇ.

ನನಗೆ ಅದು ಆದದ್ದು ಮೂರನೇ ಹಾರಾಟದಲ್ಲಿ. ಇಳಿಸಲು ಕೊನೆಯ ತಿರುವು ತೆಗೆದುಕೊಳ್ಳುತ್ತಿದ್ದೆ. ಗಾಳಿ ಬೆನ್ನ ಹಿಂದಿತ್ತು. ನೆಲದ ಲೆಕ್ಕದಲ್ಲಿ ವಿಮಾನ ಬೇಗ ಹೋಗುತ್ತಿದೆ ಅನಿಸಿತು, ಮೂತಿ ಎತ್ತಲು ಬಾಲದ ಎಲಿವೇಟರ್ ಎಳೆದೆ. ಗಾಳಿಯ ಲೆಕ್ಕದಲ್ಲಿ ಅದಕ್ಕೆ ವೇಗವೇ ಇರಲಿಲ್ಲ. ಎಡ ರೆಕ್ಕೆ ಬಿತ್ತು, ಅರ್ಧ ಸುತ್ತು ಸುತ್ತಿತು, ಟೊಮೆಟೊ ತೋಟದ ಊರುಗೋಲುಗಳ ನಡುವೆ ಹೋಗಿ ಬಿತ್ತು. ರೆಕ್ಕೆ ಎರಡು ತುಂಡು. ಮುರಿದ ಕೋಲು, ಕಿತ್ತ ಗಿಡಗಳ ದುಡ್ಡು ಕೊಡಲು ಹೋದರೆ ತೋಟದವರು ಬೇಡ ಅಂದರು. ಮಾರನೇ ವಾರ ನಾನೇ ಹೊಸ ಕೋಲು ನೆಟ್ಟು ಗಿಡ ಕಟ್ಟಿ ಬಂದೆ.

ರೆಕ್ಕೆ ಅಂಟಿಸಿ, ಮೂತಿಗೆ ಸ್ವಲ್ಪ ಭಾರ ಬರಲಿ ಅಂತ ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಮುಂದಕ್ಕೆ ಇಟ್ಟ ಮೇಲೆ ಅದು ಪಳಗಿತು. ಈಗ ಚೆನ್ನಾಗಿ ಹಾರುತ್ತದೆ. ಹೊಲದ ಉದ್ದಕ್ಕೂ ತಗ್ಗಿನಲ್ಲಿ ಒಮ್ಮೆ ಹಾಯಿಸಿ ಮೇಲಕ್ಕೆ ಎಳೆದರೆ ಮೈ ಜುಂ ಅನ್ನುತ್ತದೆ. ಶಾಲೆ ಬಿಟ್ಟು ಬರುವ ಮಕ್ಕಳು ಸೈಕಲ್ ನಿಲ್ಲಿಸಿ ಚಪ್ಪಾಳೆ ಹೊಡೆಯುವುದು ಇದಕ್ಕೆ ಮಾತ್ರ. ಆದರೆ ಆ ಹೊತ್ತಿನಲ್ಲಿ ನಾನು ಏನು ನೋಡುತ್ತಿರುತ್ತೇನೆ ಗೊತ್ತಾ? ರೆಕ್ಕೆ ಎಷ್ಟು ವಾಲಿದೆ, ವೇಗ ಎಷ್ಟಿದೆ, ನೀಲಗಿರಿ ಎಷ್ಟು ದೂರ. ಆ ಚೆಂದದ ರೆಕ್ಕೆ ನನ್ನ ಕಣ್ಣಿಗೆ ಬೀಳುವುದೇ ಇಲ್ಲ. ಆರು ನಿಮಿಷ ಮುಗಿದು ವಿಮಾನ ಹೊಟ್ಟೆಯ ಮೇಲೆ ಕೂಳೆಯಲ್ಲಿ ಜಾರಿ ನಿಂತಾಗ ಉಸಿರು ಬಿಡುತ್ತೇನೆ.

ಕಬ್ ಇದಕ್ಕೆ ಪೂರ್ತಿ ಉಲ್ಟಾ. ಹಳದಿ ಮೈ, ಪಕ್ಕದಲ್ಲಿ ಮಿಂಚಿನ ಹಾಗೆ ಒಂದು ಕಪ್ಪು ಗೆರೆ. ನಿಜವಾದ ಜೆ-3 ಕಬ್ 1938ರಿಂದ 1947ರ ತನಕ ಸುಮಾರು 20,000 ತಯಾರಾಯಿತು. ಹೆಚ್ಚಿನವಕ್ಕೆ 65 ಅಶ್ವಶಕ್ತಿಯ ಎಂಜಿನ್. ಒಬ್ಬರೇ ಹಾರಿಸುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು. ಪಕ್ಕದ ಬಾಗಿಲನ್ನು ಹಾರುವಾಗಲೂ ತೆರೆದಿಡಬಹುದು. ಬಾಗಿಲು ತೆಗೆದು ಹೊಲಗದ್ದೆ ನೋಡುತ್ತಾ ಹೋಗುವ ವಿಮಾನ ಅಂದರೆ ಅದರ ಗುಣ ಏನೆಂದು ಗೊತ್ತಾಗುತ್ತದೆ ಅಲ್ವಾ? ಮಾಡೆಲ್‌ಗೂ ಅದೇ ಗುಣ ಬಂದಿದೆ. ರೆಕ್ಕೆ ತಲೆಯ ಮೇಲೆ, ಭಾರ ಕೆಳಗೆ. ರಿಮೋಟ್ ಕಡ್ಡಿ ಬಿಟ್ಟರೆ ತಾನೇ ನೇರವಾಗುತ್ತದೆ. ದೊಡ್ಡ ಟೈರ್ ಹಾಕಿದರೆ ರಾಗಿ ಕೂಳೆಯ ಮೇಲೂ ಓಡುತ್ತದೆ. ಒಂದೇ ಒಂದು ಮಾತು: ಬಾಲದ ನೆಟ್ಟನೆಯ ಹಲಗೆಯಾದ ರಡ್ಡರ್ ಮುಟ್ಟದೆ ಬರೀ ರೆಕ್ಕೆಯ ಹಿಂದಂಚಿನ ಹಲಗೆಯಾದ ಐಲರಾನ್‌ನಲ್ಲಿ ತಿರುಗಿಸಿದರೆ ಮೂತಿ ಎದುರು ದಿಕ್ಕಿಗೆ ಹೋಗಿ ಬಾಲ ಜೋತುಬಿದ್ದ ಹಾಗೆ ಕಾಣುತ್ತದೆ. ಬಲಗೈ ಜೊತೆ ಎಡಗೈಗೂ ಕೆಲಸ ಕೊಡುವುದನ್ನು ನನಗೆ ಕಲಿಸಿದ್ದು ಕಬ್. ಹೊಸಬರು ಇದರಿಂದಲೇ ಶುರು ಮಾಡಲಿ. ಆದರೆ ಚೆಂದದ ವಿಷಯಕ್ಕೆ ಬಂದರೆ ನನಗೆ ಕಬ್ ಮುದ್ದು ಅನಿಸುತ್ತದೆ, ಚೆಲುವು ಅನಿಸುವುದಿಲ್ಲ. ಎರಡೂ ಬೇರೆ. ಎರಡು ವರ್ಷ ಹಾರಿಸಿದ ಮೇಲೆ ಕಣ್ಣಿಗೆ ಹೊಸದೇನೂ ಸಿಗಲಿಲ್ಲ.

ಗ್ಲೈಡರ್ ಬಗ್ಗೆ ಹೇಳುವಾಗ ಹೊಲ ಬಿಟ್ಟು ಬೆಟ್ಟಕ್ಕೆ ಹೋಗಬೇಕು. ಕೋಲಾರದ ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿ ಇದೆ. ಆಷಾಢದ ಗಾಳಿ ಗೊತ್ತಲ್ಲ, ಹುಡುಗರು ಗಾಳಿಪಟ ಹಿಡಿದು ಓಡುವ ಕಾಲ. ಆ ಪಡುವಣ ಗಾಳಿ ಬೆಟ್ಟಕ್ಕೆ ಬಡಿದು ಮೇಲಕ್ಕೆ ಏರುತ್ತದೆ. ಅಂಚಿನಲ್ಲಿ ನಿಂತು ಗ್ಲೈಡರ್ ಎಸೆದರೆ ಮೋಟಾರ್ ಬೇಕಾಗಿಲ್ಲ, ಗಾಳಿಯೇ ಹೊತ್ತುಕೊಳ್ಳುತ್ತದೆ. ಕಲ್ಲುಬಂಡೆಯ ಬೆಟ್ಟ, ಕೆಳಗೆ ಹಸಿರು, ನಡುವೆ ಬಿಳಿ ರೆಕ್ಕೆ. ಬೇಸಿಗೆಯಲ್ಲಿ ಹೊಲದಲ್ಲಿ ಇನ್ನೊಂದು ಆಟ. ಮೋಟಾರ್‌ನಲ್ಲಿ 100 ಮೀಟರ್ ಏರಿಸಿ ಆಫ್ ಮಾಡುತ್ತೇನೆ. ಪ್ರೊಪೆಲ್ಲರ್ ಮಡಚಿಕೊಳ್ಳುತ್ತದೆ. ಆಮೇಲೆ ಹದ್ದುಗಳು ಎಲ್ಲಿ ಸುತ್ತುತ್ತಿವೆ ನೋಡಿ ಅತ್ತ ಹೋಗುವುದು. ಉತ್ತ ಕೆಂಪು ಮಣ್ಣಿನ ಹೊಲ ಬಿಸಿಲಿಗೆ ಬೇಗ ಕಾಯುತ್ತದೆ, ಅಲ್ಲಿಂದ ಬಿಸಿ ಗಾಳಿ ಏಳುತ್ತದೆ. ಹದ್ದಿಗೆ ಅದು ನಮಗಿಂತ ಮೊದಲೇ ಗೊತ್ತು. ಒಮ್ಮೆ ಗರುಡ ಒಂದು ನನ್ನ ಗ್ಲೈಡರ್ ಪಕ್ಕದಲ್ಲೇ ಐದಾರು ಸುತ್ತು ಸುತ್ತಿತ್ತು. ಆ ದಿನ ಮನೆಗೆ ಬಂದು ಊಟ ಮಾಡುವಾಗಲೂ ಅದೇ ಮಾತು.

ಎತ್ತರದ ಮಿತಿ ಮರೆಯಬಾರದು. ಹೊರಡುವ ಮುಂಚೆ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ. ಮೊದಲೇ ಅನುಮತಿ ಬೇಡದ ಹಸಿರು ವಲಯದಲ್ಲೂ 400 ಅಡಿ, ಅಂದರೆ ಸುಮಾರು 120 ಮೀಟರ್ ತನಕ ಮಾತ್ರ. ಒಳ್ಳೆಯ ಬಿಸಿ ಗಾಳಿ ಸಿಕ್ಕಾಗ ಬಿಟ್ಟು ಇಳಿಯುವುದು ಕಷ್ಟ. ಆದರೂ ಇಳಿಯಬೇಕು.

ಗ್ಲೈಡರ್‌ನ ಕೊರತೆ ಒಂದೇ. ಅಷ್ಟು ಮೇಲೆ ಹೋದ ಮೇಲೆ ಅದು ಒಂದು ಬಿಳಿ ಗೆರೆ. ಹಾರಿಸುವ ಹಿತ ನಾಲ್ಕರಲ್ಲೂ ಇದಕ್ಕೇ ಜಾಸ್ತಿ. ನೋಡುವ ಚೆಂದ ಮಾತ್ರ ಎಸೆಯುವಾಗ ಹತ್ತು ಸೆಕೆಂಡ್, ಇಳಿಯುವಾಗ ಹತ್ತು ಸೆಕೆಂಡ್.

ಟೈಗರ್ ಮಾತ್ ನನ್ನ ಕೈಗೆ ಬಂದದ್ದು ಕೊನೆಯಲ್ಲಿ. ಎರಡು ಅಂತಸ್ತಿನ ರೆಕ್ಕೆ, ನಡುವೆ ಕಂಬ, ತಂತಿ. ಜೋಡಿಸಲು ಇಪ್ಪತ್ತು ನಿಮಿಷ ಬೇಕು. ಮೊದಮೊದಲು ಅದೊಂದು ತಲೆನೋವು ಅನಿಸಿತ್ತು. ಈಗ ಆ ಇಪ್ಪತ್ತು ನಿಮಿಷವೂ ಇಷ್ಟ, ಒಂದೊಂದೇ ತಂತಿ ಬಿಗಿಯುವಾಗ ವಿಮಾನ ಕೈಯಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ 1931ರ ಅಕ್ಟೋಬರ್ 26ರಂದು ಮೊದಲು ಹಾರಿತು. 8,000ಕ್ಕೂ ಹೆಚ್ಚು ತಯಾರಾದವು. ನಮ್ಮ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರಲ್ಲೇ. ಇದರ ಜಾಗಕ್ಕೆ ಬರಲಿ ಅಂತಲೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರು ಎಚ್‌ಟಿ-2 ರೂಪಿಸಿದ್ದು. ಅದು 1951ರಲ್ಲಿ ಹಾರಿತು.

ಪಕ್ಕದಿಂದ ನೋಡಿ: ಮೇಲಿನ ರೆಕ್ಕೆ ಮುಂದಕ್ಕೆ ಸರಿದಿದೆ, ತುದಿಗಳು ಹಿಂದಕ್ಕೆ ಬಾಗಿವೆ. ಇದೂ ಅಂದಕ್ಕೆ ಮಾಡಿದ್ದಲ್ಲ. ಮುಂದಿನ ಸೀಟಿನಲ್ಲಿ ಕೂತವರು ಪ್ಯಾರಾಚೂಟ್ ಹಾಕಿಕೊಂಡು ಹೊರಬರಲು ಜಾಗ ಬೇಕಿತ್ತು. ಅದಕ್ಕೆ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದೆ ತಂದರು. ಆಗ ತೂಕದ ಸಮತೋಲ ಕೆಟ್ಟಿತು, ಅದನ್ನು ಸರಿ ಮಾಡಲು ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಒಬ್ಬ ಮನುಷ್ಯನ ಜೀವ ಉಳಿಯಲಿ ಅಂತ ಬಂದ ಬಾಗು ಅದು. ನನಗೆ ಸ್ಪಿಟ್‌ಫೈರ್ ರೆಕ್ಕೆಗಿಂತ ಈ ಬಾಗಿನ ಮೇಲೆ ಪ್ರೀತಿ ಜಾಸ್ತಿಯಾಗಲು ಇದೂ ಒಂದು ಕಾರಣ.

ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಅಂತ ಇದರ ಬಗ್ಗೆ ಒಂದು ಹಳೇ ಮಾತಿದೆ. ನಿಜ. ಐಲರಾನ್ ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ನಿಜವಾದ ವಿಮಾನದಲ್ಲಿ ಐಲರಾನ್ ಮೇಲಕ್ಕೆ ಜಾಸ್ತಿ, ಕೆಳಕ್ಕೆ ಸ್ವಲ್ಪವೇ ಆಡುತ್ತದೆ. ನಾನೂ ರಿಮೋಟ್‌ನಲ್ಲಿ ಹಾಗೇ ಮಾಡಿದೆ: ಮೇಲಕ್ಕೆ 12 ಮಿ.ಮೀ., ಕೆಳಕ್ಕೆ 4. ಅಲ್ಲಿಯ ತನಕ ತಿರುವಿನಲ್ಲಿ ಮೂತಿ ಅಲ್ಲಾಡುತ್ತಿತ್ತು, ಆಮೇಲೆ ನಿಂತಿತು. ಇಳಿಸುವಾಗ ಇನ್ನೊಂದು ಪಾಠ. ಎರಡು ರೆಕ್ಕೆ, ಅಷ್ಟೊಂದು ತಂತಿ, ಎಲ್ಲವೂ ಗಾಳಿಯನ್ನು ತಡೆಯುತ್ತವೆ. ಮೋಟಾರ್ ವೇಗದ ಥ್ರಾಟಲ್ ಪೂರ್ತಿ ಇಳಿಸಿದರೆ ಕಲ್ಲಿನ ಹಾಗೆ ಇಳಿಯುತ್ತದೆ. ಚಕ್ರ ನೆಲ ಮುಟ್ಟುವ ತನಕ ಸ್ವಲ್ಪ ಥ್ರಾಟಲ್ ಇಟ್ಟುಕೊಂಡಿರಬೇಕು. ಜೋರು ಗಾಳಿ ಇದ್ದ ದಿನ ಇದನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ.

ಆದರೆ ಡಿಸೆಂಬರ್ ಸಂಜೆ, ಗಾಳಿ ನಿಂತ ಹೊತ್ತಿನಲ್ಲಿ, ಇದು ಕೊಡುವುದನ್ನು ಉಳಿದ ಮೂರೂ ಕೊಡುವುದಿಲ್ಲ. ಅರ್ಧ ಥ್ರಾಟಲ್‌ನಲ್ಲಿ ನಮ್ಮ ಮುಂದೆಯೇ, ಹತ್ತು ಮೀಟರ್ ಎತ್ತರದಲ್ಲಿ, ದೊಡ್ಡ ಎಂಟು ಬರೆಯುತ್ತಾ ಹೋಗುತ್ತದೆ. ವೇಗ ಎಷ್ಟು ಕಡಿಮೆ ಅಂದರೆ ತಂತಿಗಳು ಎಣಿಸಲು ಸಿಗುತ್ತವೆ. ತಿರುಗುವಾಗ ಎರಡು ರೆಕ್ಕೆಗಳ ನಡುವಿನಿಂದ ಬಿಸಿಲು ತೂರಿ ಬರುತ್ತದೆ. ನನ್ನ ಬೆರಳು ಕೆಲಸ ಮಾಡುತ್ತಲೇ ಇರುತ್ತದೆ, ಕಣ್ಣು ಮಾತ್ರ ಸುಮ್ನೆ ನೋಡುತ್ತಿರುತ್ತದೆ. ನನಗೆ ಬೇಕಿದ್ದದ್ದು ಇದೇ. ಗ್ಲೈಡರ್ ದೂರ ಹೋಗುತ್ತದೆ, ಸ್ಪಿಟ್‌ಫೈರ್ ಪುರುಸೊತ್ತು ಕೊಡುವುದಿಲ್ಲ, ಕಬ್‌ನಲ್ಲಿ ನೋಡುವಂಥದ್ದು ಬೇಗ ಮುಗಿಯುತ್ತದೆ. ಹತ್ತಿರವೂ ಇದ್ದು, ನಿಧಾನವೂ ಆಗಿ, ಮತ್ತೆ ಮತ್ತೆ ನೋಡಿಸಿಕೊಳ್ಳುವುದು ಟೈಗರ್ ಮಾತ್ ಒಂದೇ. ಒಂದನ್ನೇ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುವುದು.

ಹಾಗಂತ ಸ್ಪಿಟ್‌ಫೈರ್ ಮಾರಿಲ್ಲ. ಹೋದ ಸಂಕ್ರಾಂತಿಯ ಮರುದಿನ ಹೊಲದ ಗೆಳೆಯನ ಕೈಗೆ ಅದರ ರಿಮೋಟ್ ಕೊಟ್ಟೆ. ಅವನು ನನಗಿಂತ ಚೆನ್ನಾಗಿ ಹಾರಿಸುತ್ತಾನೆ. ನಾನು ಬದುವಿನ ಮೇಲೆ ಕೂತೆ. ಅವನು ಅದನ್ನು ಬೆಟ್ಟದ ಕಡೆಯಿಂದ ತಂದು, ನನ್ನ ಮುಂದೆ ವಾಲಿಸಿ, ಆ ರೆಕ್ಕೆಯ ಪೂರ್ತಿ ಆಕಾರ ಕಾಣುವ ಹಾಗೆ ತಿರುಗಿಸಿದ. ಕೊಂಡು ಮೂರು ವರ್ಷವಾಗಿತ್ತು, ಅದು ಹಾರುವುದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಬ್ಯಾಟರಿ ಮುಗಿದಾಗ ಇನ್ನೊಂದು ಹಾಕಿ ಮತ್ತೆ ಅವನ ಕೈಗೇ ಕೊಟ್ಟೆ.