ಹಳೇ ಪದ್ಮಿನಿಗೆ ಕೋನ್ ಫಿಲ್ಟರ್ ಹಾಕಿಸೋ ಮುಂಚೆ ಇದನ್ನೊಮ್ಮೆ ಓದಿ

ನಮ್ಮದು 1986ರ ಪ್ರೀಮಿಯರ್ ಪದ್ಮಿನಿ ಕಾರು. ಅಪ್ಪ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ವರ್ಷಗಟ್ಟಲೆ ಅದರಲ್ಲೇ ಓಡಾಡಿದವರು. ಒಂದು ಸಲ ಪಿಸ್ಟನ್ ರಿಂಗ್ ಬದಲಾಯಿಸಿದ್ದು ಬಿಟ್ಟರೆ ಎಂಜಿನ್ ಯಾವತ್ತೂ ಕೈ ಕೊಟ್ಟಿರಲಿಲ್ಲ. ಆ ಎಂಜಿನ್ ನನ್ನ ಕೈಯಲ್ಲಿ ಎಂಟೇ ತಿಂಗಳಿಗೆ ಹಾಳಾಯಿತು. ನಿಮ್ಮ ಗಾಡಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, "ಈ ಹಳೇ ಡಬ್ಬಿ ಎಂಜಿನ್‌ಗೆ ಉಸಿರಾಡೋಕೆ ಬಿಡ್ತಿಲ್ಲ ಸಾರ್, ಕೋನ್ ಹಾಕ್ಸಿ, ಆಮೇಲೆ ಪಿಕಪ್ ನೋಡಿ" ಅಂದರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರ್ ಮೇಲಿದ್ದ ಕಪ್ಪು ತಗಡಿನ ಏರ್ ಫಿಲ್ಟರ್ ಡಬ್ಬಿ ತೆಗೆದು, ಡಬ್ಬಿ ಇಲ್ಲದೆ ಹಾಗೇ ಕೂರುವ ಕೆಂಪು ಕೋನ್ ಆಕಾರದ ಫಿಲ್ಟರ್ ಕೂರಿಸಿದರು. ಅರ್ಧ ಗಂಟೆಯ ಕೆಲಸ. ಆಕ್ಸಿಲರೇಟರ್ ಒತ್ತಿದರೆ ಗೊರ್ ಅಂತ ಸದ್ದು ಬರುತ್ತಿತ್ತು. ಸದ್ದು ಜಾಸ್ತಿ ಆಗಿದ್ದನ್ನೇ ಶಕ್ತಿ ಜಾಸ್ತಿ ಆಯಿತು ಅಂದುಕೊಂಡೆ.

ಹದಿನೈದು ದಿನಕ್ಕೆ ಹೈವೇಯಲ್ಲಿ ನಾಕಿಂಗ್, ಅಂದರೆ ಎಂಜಿನ್ ಒಳಗೆ ಟಕಟಕ ಬಡಿತ, ಶುರುವಾಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ ಅನ್ನೋದರ ಗುರುತು ಅದು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿಯ ದಾರಿ ಬದಲಾಯಿಸಿದ ಮೇಲೆ ಕಾರ್ಬೊರೇಟರಿನ ಮೇನ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತು) ನೋಡಲೇಬೇಕು. ಗ್ಯಾರೇಜಿನವರು ಮಿಕ್ಸ್ಚರ್ ಸ್ಕ್ರೂ ಮಾತ್ರ ತಿರುಗಿಸಿದ್ದರು. ಅದು ಗಾಡಿ ನಿಂತಲ್ಲೇ ಐಡಲ್‌ನಲ್ಲಿರುವಾಗ ಕೆಲಸಕ್ಕೆ ಬರುತ್ತದೆ. ಓಡುವಾಗ ಪೆಟ್ರೋಲ್ ಕೊಡುವುದು ಮೇನ್ ಜೆಟ್. ಈಗಿನ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಹಳೇ ಕಾರ್ಬೊರೇಟರಿನಲ್ಲಿ ಮಿಶ್ರಣ ಇನ್ನೂ ತೆಳುವಾಗುತ್ತದೆ.

ಗಾಳಿಯ ಕಾವಿನ ಮಾತೂ ಇದೆ. ಕೋನ್ ಕೂತಿದ್ದು ಬಾನೆಟ್ ಒಳಗೆ, ರೇಡಿಯೇಟರಿನ ಹಿಂದೆ. ಹೊರಗೆ 30 ಡಿಗ್ರಿ ಇದ್ದು ಒಳಗೆ 60 ಆದರೆ, ಅಷ್ಟೇ ಜಾಗದಲ್ಲಿ ಗಾಳಿ ಸುಮಾರು ಶೇ 9 ಕಡಿಮೆ ಇರುತ್ತದೆ. ಶಕ್ತಿ ಎಲ್ಲಿಂದ ಬರಬೇಕು, ಅಲ್ವಾ?

ಇದೆಲ್ಲ ಸರಿಪಡಿಸಬಹುದಾಗಿತ್ತು. ಎಂಜಿನ್ ಕೊಂದಿದ್ದು ಧೂಳು. ನಮ್ಮ ತೋಟ ಗುಡಿಬಂಡೆ ಕಡೆ. ದಾರಿಯುದ್ದಕ್ಕೂ ಕ್ರಷರ್‌ಗಳು, ಜಲ್ಲಿ ಟಿಪ್ಪರ್‌ಗಳು. ಬೇಸಿಗೆಯಲ್ಲಿ ಒಂದು ಟಿಪ್ಪರ್ ಹಿಂದೆ ಹೋದರೆ ಗಾಜಿನ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ಕೂರುತ್ತದೆ. ಇದರ 1089 ಸಿಸಿ ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ನಿಮಿಷಕ್ಕೆ ಸಾವಿರ ಲೀಟರಿಗಿಂತ ಜಾಸ್ತಿ ಗಾಳಿ ಎಳೆಯುತ್ತದೆ. ಆ ಗಾಳಿಯ ಜೊತೆಗೇ ಕಲ್ಲಿನ ಪುಡಿಯೂ ಹೋಗುತ್ತದೆ.

ಆಯಿಲ್ ಉರಿದು ನೀಲಿ ಹೊಗೆ ಬರತೊಡಗಿದ ಮೇಲೆ ನಮ್ಮೂರಿನ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು. ಕೋನ್ ಬಿಚ್ಚಿ, ಕಾರ್ಬೊರೇಟರ್ ಬಾಯೊಳಗೆ ಬೆರಳು ಆಡಿಸಿ ನನ್ನ ಮುಂದೆ ಹಿಡಿದರು. ಆಯಿಲ್ ಬೆರೆತ ಬೂದು ಬಣ್ಣದ ಮೆತ್ತನೆ ಪುಡಿ. ನಾನು ಎರಡು ಬೆರಳಲ್ಲಿ ಉಜ್ಜಿ ನೋಡಿದೆ. ಮರಳಿನ ಹಾಗೆ ಚುರುಚುರು ಅಂತು. "ಗ್ರೈಂಡಿಂಗ್ ಪೇಸ್ಟ್ ಕಣಪ್ಪಾ ಇದು" ಅಂದರು, ಲೋಹ ಉಜ್ಜಿ ಸವೆಸುವ ಪೇಸ್ಟ್ ಅಂತ. ಕೋನಿನ ಕತ್ತು ಕಾರ್ಬೊರೇಟರ್ ಬಾಯಿಗೆ ಸರಿಯಾಗಿ ಕೂತೇ ಇರಲಿಲ್ಲ. ನಡುವೆ ಟ್ಯೂಬಿನ ರಬ್ಬರ್ ತುಂಡು ಸುತ್ತಿ ಕ್ಲಿಪ್ ಬಿಗಿದಿದ್ದರು. ಒಂದು ಕಡೆ ಉಗುರು ತೂರುವಷ್ಟು ಸಂದು. ಧೂಳು ಬಂದಿದ್ದು ಅಲ್ಲಿಂದ. ಎಂಜಿನ್ ಒಳಗಿನ ಆವಿ ಹೊರಗೆ ಬಿಡುವ, ಮೊದಲು ಡಬ್ಬಿಗೆ ಹೋಗುತ್ತಿದ್ದ ಬ್ರೀದರ್ ಪೈಪಿನ ತುದಿಗೆ ಬಟ್ಟೆ ಕಟ್ಟಿ ಕೆಳಗೆ ಬಿಟ್ಟಿದ್ದರು. ಅದು ಆಯಿಲಿನಲ್ಲಿ ತೊಯ್ದು ಕಟ್ಟಿಕೊಂಡಿತ್ತು. ಎಂಜಿನ್ ಒಳಗಿನ ಒತ್ತಡಕ್ಕೆ ದಾರಿ ಇಲ್ಲದೆ ಸೀಲುಗಳಿಂದ ಆಯಿಲ್ ಸೋರುತ್ತಿತ್ತು.

ಎಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸಿದಾಗ ನಾನು ಅಲ್ಲೇ ನಿಂತಿದ್ದೆ. ಮೂರನೇ ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಗೀರುಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಅಪ್ಪನೂ ಬಂದಿದ್ದರು. ಒಂದು ಮಾತೂ ಆಡಲಿಲ್ಲ. ಆ ಮೌನ ಇನ್ನೂ ನನ್ನನ್ನು ಕೊರೆಯುತ್ತಿದೆ.

ಸಿಲಿಂಡರುಗಳನ್ನು ಕೊರೆಸಿ ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿದ್ದಾಯಿತು. ಪಿಸ್ಟನ್ ಸೆಟ್ಟಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ದಿನ ಅಲೆದೆ. ಕೋನ್ ಫಿಲ್ಟರಿಗೆ ಕೊಟ್ಟಿದ್ದು ಎರಡೂವರೆ ಸಾವಿರ, ಎಂಜಿನ್ ಕೆಲಸಕ್ಕೆ ಆಗಿದ್ದು ಅರವತ್ತು ಸಾವಿರದ ಮೇಲೆ.

ನಿಮ್ಮ ಗಾಡಿ ಎಳೆಯುತ್ತಿಲ್ಲ ಅನ್ನಿಸಿದರೆ ಮೊದಲು ಹಳೇ ಡಬ್ಬಿಯೊಳಗಿನ ಕಾಗದದ ಫಿಲ್ಟರ್ ಬದಲಾಯಿಸಿ. ಕಿಡಿ ಹೊತ್ತಿಸುವ ಪಾಯಿಂಟ್, ಅದರ ಟೈಮಿಂಗ್, ವಾಲ್ವುಗಳ ಟ್ಯಾಪೆಟ್ ನೋಡಿಸಿ. ಇಷ್ಟರಲ್ಲೇ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ಆಮೇಲೂ ಗಾಳಿ ಬೇಕೇ ಬೇಕು ಅಂದರೆ ಡಬ್ಬಿಯನ್ನು ಹಾಗೇ ಉಳಿಸಿಕೊಂಡು, ಮುಂದಿನ ಗ್ರಿಲ್ ಹತ್ತಿರದಿಂದ ಅಗಲ ಪೈಪಿನಲ್ಲಿ ತಣ್ಣನೆ ಗಾಳಿ ತನ್ನಿ. ಪ್ರತಿ ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಿ. ಕೆಲಸ ಮಾಡುವವರಿಗೆ ಜೆಟ್ ಯಾವ ಸೈಜ್ ಹಾಕ್ತೀರಿ, ಬ್ರೀದರ್ ಎಲ್ಲಿಗೆ ಸೇರಿಸ್ತೀರಿ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಗಾಡಿ ಅವರ ಕೈಗೆ ಕೊಡಬೇಡಿ. ಬಿಚ್ಚಿದ ಹಳೇ ಸಾಮಾನನ್ನಂತೂ ಅಲ್ಲಿ ಬಿಟ್ಟು ಬರಲೇಬೇಡಿ. ನಾನು ಬಿಟ್ಟು ಬಂದೆ, ಅವರು ಗುಜರಿಗೆ ಹಾಕಿದ್ದಾರೆ.

ಎಂಜಿನ್ ಈಗ ತಯಾರಾಗಿದೆ. ಆದರೆ ಡಬ್ಬಿ ಇಲ್ಲದೆ ಸ್ಟಾರ್ಟ್ ಮಾಡಲು ನನಗೆ ಮನಸ್ಸಿಲ್ಲ. ಗಾಡಿ ಟಾರ್ಪಾಲಿನ್ ಕೆಳಗೇ ನಿಂತಿದೆ. ಚಿಂತಾಮಣಿ, ಕೋಲಾರ, ತುಮಕೂರು ಕಡೆ ಯಾರ ಹತ್ತಿರವಾದರೂ ಪದ್ಮಿನಿಯ ಒರಿಜಿನಲ್ ಏರ್ ಫಿಲ್ಟರ್ ಡಬ್ಬಿ, ಮುಚ್ಚಳದ ಸಮೇತ, ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.