ವಿಂಡೋಸ್ 11 ಹಾಕ್ಸೋಕೆ ಲ್ಯಾಪ್‌ಟಾಪ್ ಅಂಗಡಿಗೆ ಕೊಡೋ ಮುಂಚೆ ಇದೊಂದ್ಸಲ ಓದ್ಬಿಡಿ

ಲೈಫ್‌ಟೈಮ್ ಒರಿಜಿನಲ್ ವಿಂಡೋಸ್ ಹಾಕ್ಕೊಡ್ತೀವಿ ಅಂತ 1,800 ರೂಪಾಯಿ ಇಸ್ಕೊಂಡ್ರು, ಆ ಲೈಫ್‌ಟೈಮು ಯುಗಾದಿಯಿಂದ ದಸರಾವರೆಗೂ ಬಂತು. ಹೋಗಿದ್ದು ನಮ್ಮಕ್ಕನ ದುಡ್ಡು. ಅವಳು ಮನೇಲೇ ಕೂತು ಸಣ್ಣಪುಟ್ಟ ಅಂಗಡಿಯವರ ಜಿಎಸ್‌ಟಿ, ಟ್ಯಾಲಿ ಎಲ್ಲ ನೋಡ್ಕೊಳ್ತಾಳೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಲ್ಲುತ್ತೆ ಅಂತ ಎಲ್ಲಾ ಕಡೆ ಬರ್ತಿತ್ತಲ್ಲ, ಕೊನೇ ಗಳಿಗೇಲಿ ಒದ್ದಾಡೋದು ಬೇಡ ಅಂತ ಮುಂಚೇನೇ ಹತ್ರದ ಅಂಗಡಿಗೆ ಕೊಟ್ಟಿದ್ಲು. ಅಂಗಡಿ ಹೆಸರು ಹಾಕಲ್ಲ, ಯಾಕಂದ್ರೆ ಆಮೇಲೆ ವಿಚಾರಿಸಿದಾಗ ಇದೇ ಆಟ ಆಡೋರು ತುಂಬಾ ಜನ ಇದ್ದಾರೆ ಅಂತ ಗೊತ್ತಾಯ್ತು.

ದಸರಾ ಹೊತ್ತಿಗೆ, ಅಂದ್ರೆ ಅವಳಿಗೆ ಆಡಿಟ್ ಕೆಲಸ ಕುತ್ತಿಗೆವರೆಗೂ ಇರೋ ಟೈಮಲ್ಲಿ, "ನಿಮ್ಮ ವಿಂಡೋಸ್ ಲೈಸೆನ್ಸ್ ಸದ್ಯದಲ್ಲೇ ಮುಗಿಯುತ್ತೆ" ಅಂತ ಪಾಪಪ್ ಬರೋಕೆ ಶುರು ಆಯ್ತು, ಆಮೇಲೆ ಒಂದಿನ ವಾಲ್‌ಪೇಪರ್ ಹೋಗಿ ಕರೀ ಸ್ಕ್ರೀನ್, ಬಲಗಡೆ ಮೂಲೇಲಿ ಆಕ್ಟಿವೇಟ್ ವಿಂಡೋಸ್ ಅಂತ ಬರಹ. ಅಂಗಡಿಗೆ ಫೋನ್ ಮಾಡಿದ್ರೆ "ಮೇಡಂ, ಮೈಕ್ರೋಸಾಫ್ಟ್‌ನೋರೇ ಅಪ್‌ಡೇಟ್ ಬಿಟ್ಟು ಎಲ್ಲರದ್ದೂ ಕಟ್ ಮಾಡ್ತಿದ್ದಾರೆ, ತಗೊಂಡ್ಬನ್ನಿ, ಇನ್ನೊಂದು 1,500 ಆಗುತ್ತೆ" ಅಂದ. ಅವಾಗ ಅಕ್ಕ ನಂಗೆ ಫೋನ್ ಮಾಡಿದ್ದು.

ನಾನು ಹೋಗಿ ಮೊದಲು ನೋಡಿದ್ದು ಸೆಟ್ಟಿಂಗ್ಸ್, ಸಿಸ್ಟಮ್, ಅದರಲ್ಲಿ ಆಕ್ಟಿವೇಶನ್. ವಿಂಡೋಸ್ 11 ಪ್ರೋ ಅಂತಿದೆ. ಆದ್ರೆ ಇದು 2020ರಲ್ಲಿ ಶೋರೂಮಿಂದ ತಗೊಂಡ ಲ್ಯಾಪ್‌ಟಾಪ್, ಅದರ ಜೊತೆ ಬಂದಿದ್ದು ವಿಂಡೋಸ್ 10 ಹೋಮ್ ಸಿಂಗಲ್ ಲಾಂಗ್ವೇಜ್, ಬಾಕ್ಸ್ ಮೇಲೇ ಬರೆದಿದೆ. ನಮ್ಮ ದೇಶದಲ್ಲಿ ಮಾರೋ ಎಷ್ಟೋ ಲ್ಯಾಪ್‌ಟಾಪಲ್ಲಿ ಇದೇ ಎಡಿಶನ್ ಇರೋದು. ಇದರ ಕೀ (ಅಂದ್ರೆ ಲೈಸೆನ್ಸ್ ನಂಬರ್) ಮದರ್‌ಬೋರ್ಡಿನ ಬಯೋಸ್ ಒಳಗೇ, ಅಂದ್ರೆ ಕಂಪ್ಯೂಟರ್ ಆನ್ ಆದ ಕೂಡ್ಲೇ ಮೊದಲು ಓಡೋ ಸಾಫ್ಟ್‌ವೇರ್ ಇರೋ ಚಿಪ್‌ನಲ್ಲೇ ಕೂತಿರುತ್ತೆ, ಫಾರ್ಮ್ಯಾಟ್ ಮಾಡಿದ್ರೂ ಎಲ್ಲೂ ಹೋಗಲ್ಲ. ಒರಿಜಿನಲ್ ವಿಂಡೋಸ್ 10 ಇದ್ದು, ಮೆಷಿನ್ನು 11ಕ್ಕೆ ಸರಿಹೊಂದೋ ಹಾಗಿದ್ರೆ (ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಶನ್ ಪ್ರೊಸೆಸರ್ ಅಥವಾ ಅದರ ಮೇಲಿಂದು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್, ಸೆಕ್ಯೂರ್ ಬೂಟ್ ಅನ್ನೋ ಸೌಲಭ್ಯ ಇರಬೇಕು) ಅಪ್‌ಗ್ರೇಡ್ ಪೂರ್ತಿ ಫ್ರೀ. ಅಕ್ಕನ್ದು 10ನೇ ಜನರೇಶನ್. ವಿಂಡೋಸ್ ಅಪ್‌ಡೇಟಲ್ಲಿ ಹೋಗಿ ಡೌನ್‌ಲೋಡ್ ಒತ್ತಿದ್ರೆ ಸಾಕಿತ್ತು, ಒಂದು ಫೈಲೂ ಹೋಗ್ತಿರಲಿಲ್ಲ. ಅಂದ್ರೆ ಕೈಲಿದ್ದ ಅಸಲಿ ಲೈಸೆನ್ಸ್ ಪಕ್ಕಕ್ಕಿಟ್ಟು ನಕಲಿ ಹಾಕೋಕೆ 1,800 ತಗೊಂಡಿದ್ದಾರೆ!

ಯಾಕಪ್ಪಾ ಪ್ರೋ ಹಾಕಿದೆ ಅಂತ ಕೇಳಿದ್ದಕ್ಕೆ ಅಂಗಡಿಯವನ ಉತ್ತರ ಕೇಳಿ: "ಸರ್, ಅದು ಸಿಂಗಲ್ ಲಾಂಗ್ವೇಜ್, ಅದರಲ್ಲಿ ಕನ್ನಡ ಟೈಪ್ ಮಾಡೋಕೆ ಬರಲ್ಲ." ಶುದ್ಧ ಸುಳ್ಳು. ಸಿಂಗಲ್ ಲಾಂಗ್ವೇಜ್‌ನಲ್ಲಿ ಮೆನು, ಸೆಟ್ಟಿಂಗ್ಸ್ ಕಾಣೋ ಡಿಸ್‌ಪ್ಲೇ ಭಾಷೆ ಮಾತ್ರ ಒಂದೇ, ಕೀಬೋರ್ಡ್ ಎಷ್ಟು ಭಾಷೆದು ಬೇಕಾದ್ರೂ ಸೇರಿಸ್ಕೋಬಹುದು, ಅಕ್ಕ ಅದರಲ್ಲೇ ವರ್ಷಗಟ್ಟಲೆ ಕನ್ನಡ ಟೈಪ್ ಮಾಡಿದ್ದಾಳೆ.

ಈಗ ಆ ಆರು ತಿಂಗಳ ಲೆಕ್ಕ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಬಾಕ್ಸಲ್ಲಿ ಇಂಗ್ಲಿಷಲ್ಲಿ ಎಸ್-ಎಲ್-ಎಂ-ಜಿ-ಆರ್, ಒಂದು ಸ್ಪೇಸ್, ಸ್ಲ್ಯಾಶ್, ಡಿ-ಎಲ್-ಐ ಅಂತ ಹಾಕಿ ಎಂಟರ್ ಕೊಡಿ. ಒಂದು ಸಣ್ಣ ಕಿಟಕಿ ಬರುತ್ತೆ, ಅದರಲ್ಲಿ ಲೈಸೆನ್ಸ್ ಯಾವ ಚಾನೆಲ್‌ದು ಅಂತ ಇರುತ್ತೆ. ಲ್ಯಾಪ್‌ಟಾಪ್ ಜೊತೆ ಬಂದಿದ್ರೆ ಓಇಎಂ, ನೀವೇ ಬಾಕ್ಸಾಗೋ ಆನ್‌ಲೈನಾಗೋ ಕೊಂಡಿದ್ರೆ ರೀಟೇಲ್ (ಫ್ರೀ ಅಪ್‌ಗ್ರೇಡ್ ಆದ್ಮೇಲೂ ಕೆಲವು ಸಲ ರೀಟೇಲ್ ಅಂತಾನೇ ತೋರಿಸುತ್ತೆ, ಅದಕ್ಕೆ ಗಾಬರಿ ಬೇಡ). ಅಕ್ಕನ್ದರಲ್ಲಿ ಇದ್ದಿದ್ದು ವಾಲ್ಯೂಮ್, ಕೆಎಂಎಸ್ ಕ್ಲೈಂಟ್. ಇದು ದೊಡ್ಡ ಕಂಪನಿ, ಕಾಲೇಜುಗಳಿಗೆ ಅಂತ ಇರೋ ವ್ಯವಸ್ಥೆ, ಅವರ ನೆಟ್‌ವರ್ಕಲ್ಲಿ ಒಂದು ಸರ್ವರ್ ಇರುತ್ತೆ, ಕನಿಷ್ಠ 25 ಕಂಪ್ಯೂಟರ್ ಕೇಳಿದ್ರೆ ಮಾತ್ರ ಅದು ವಿಂಡೋಸ್ ಆಕ್ಟಿವೇಟ್ ಮಾಡೋದು, ಮಾಡಿದ್ದೂ 180 ದಿನಕ್ಕಷ್ಟೇ. ಅಷ್ಟರೊಳಗೆ ಕಂಪ್ಯೂಟರ್ ವಾರಕ್ಕೊಂದ್ಸಲ ಸದ್ದಿಲ್ಲದೆ ಆ ಸರ್ವರ್‌ನ ಮಾತಾಡಿಸಿ ಮತ್ತೆ 180 ದಿನ ಮಾಡ್ಕೊಳ್ಳುತ್ತೆ. ಅಂಗಡಿಯವನು ಇಂಟರ್ನೆಟ್ಟಲ್ಲಿ ಯಾರೋ ಇಟ್ಟಿರೋ ಕಳ್ಳ ಸರ್ವರ್‌ಗೆ ಇದನ್ನ ತೋರಿಸಿ ಕೊಟ್ಟಿದ್ದ. ಆ ಸರ್ವರ್ ಮತ್ತೆ ಸಿಗಲಿಲ್ಲ, 180 ದಿನ ಮುಗೀತು, ಅಷ್ಟೇ ಕಥೆ. ಅಪ್‌ಡೇಟೂ ಅಲ್ಲ, ಕಟ್ ಮಾಡಿದ್ದೂ ಅಲ್ಲ.

ಅದಕ್ಕೇ ಹೇಳ್ತಿರೋದು, ಅಂಗಡಿಯಲ್ಲಿ ನಿಮಗೆ ಆಕ್ಟಿವೇಟೆಡ್ ಅಂತ ತೋರಿಸಿದ ತಕ್ಷಣ ತಲೆ ಆಡಿಸಿ ದುಡ್ಡು ಕೊಡ್ಬೇಡಿ, ಅದರ ಜೊತೆಗಿರೋ ಸಾಲು ಓದಿ. ಡಿಜಿಟಲ್ ಲೈಸೆನ್ಸ್ ಅಂತಿದ್ರೆ ಒಂದು ಲೆಕ್ಕ, ನಿಮ್ಮ ಆರ್ಗನೈಸೇಶನ್‌ನ ಆಕ್ಟಿವೇಶನ್ ಸರ್ವಿಸ್ ಅಂತಿದ್ರೆ ಕೇಳಿ, ಯಾವ ಆರ್ಗನೈಸೇಶನ್ನಪ್ಪಾ ನಮ್ಮನೇಲಿ ಇರೋದು ಅಂತ.

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ಮನಾಗ್ತಿದ್ದೆ. ವಿಂಡೋಸ್ ಸೆಕ್ಯುರಿಟಿ ತೆಗೆದು ನೋಡಿದ್ರೆ ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್‌ನ ಎಕ್ಸ್‌ಕ್ಲೂಶನ್ ಲಿಸ್ಟಲ್ಲಿ (ಇವನ್ನ ಸ್ಕ್ಯಾನ್ ಮಾಡ್ಬೇಡ ಅನ್ನೋ ಪಟ್ಟಿ) ಇಡೀ ಸಿ ಡ್ರೈವ್! ಕಳ್ಳ ಆಕ್ಟಿವೇಶನ್ ಮಾಡೋ ಟೂಲ್‌ನ ಡಿಫೆಂಡರ್ ಹಿಡಿದು ಅಳಿಸುತ್ತೆ ಅಂತ ಕಾವಲುಗಾರನನ್ನೇ ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಂಗೆ ಮಾಡಿದ್ದಾರೆ. ಗಿರಾಕಿಗಳ ಪೋರ್ಟಲ್ ಪಾಸ್‌ವರ್ಡು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಇರೋ ಲ್ಯಾಪ್‌ಟಾಪು ಅದು, ಆರು ತಿಂಗಳು ಸಿ ಡ್ರೈವಲ್ಲಿ ಏನು ಬಂದು ಕೂತ್ರೂ ಸ್ಕ್ಯಾನೇ ಆಗಿಲ್ಲ.

ಇನ್ನೊಂದು, ನಂಗೆ ಜಾಸ್ತಿ ಕೋಪ ಬಂದಿದ್ದು ಇದಕ್ಕೇ. ಸೆಟಪ್ ಮಾಡುವಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತಲ್ಲ, ಅಲ್ಲಿ ಅಂಗಡಿಯವನ ಅಕೌಂಟೇ ಹಾಕಿದ್ದ. ಈಗಿನ ವಿಂಡೋಸ್ 11 ಹೊಸದಾಗಿ ಹಾಕಿದಾಗ ಎಷ್ಟೋ ಲ್ಯಾಪ್‌ಟಾಪಲ್ಲಿ ಡ್ರೈವ್ ತಾನೇ ಎನ್‌ಕ್ರಿಪ್ಟ್ ಆಗುತ್ತೆ (ಕೀ ಇಲ್ಲದೆ ಯಾರೂ ಓದೋಕಾಗದಂಗೆ ಲಾಕ್ ಆಗುತ್ತೆ), ಅದರ 48 ಅಂಕಿಯ ರಿಕವರಿ ಕೀ ಹೋಗಿ ಕೂರೋದು ಯಾರು ಲಾಗಿನ್ ಆಗಿದ್ರೋ ಅವರ ಅಕೌಂಟಲ್ಲಿ. ನಾಳೆ ಬಯೋಸ್ ಅಪ್‌ಡೇಟ್ ಆಗಿಯೋ ಬೋರ್ಡ್ ಬದಲಾಯಿಸಿಯೋ ಆ ಕೀ ಕೇಳಿದ್ರೆ ಅಕ್ಕ ಅವನ ಹತ್ರ ಹೋಗಿ ಬೇಡಬೇಕಿತ್ತು, ಅವನು ಅಂಗಡಿ ಮುಚ್ಚಿದ್ರೆ ಫೈಲೆಲ್ಲ ಗೋವಿಂದ. ಪುಣ್ಯಕ್ಕೆ ಲಾಗಿನ್ ಆಗ್ತಿತ್ತು, ಎನ್‌ಕ್ರಿಪ್ಶನ್ ಆಫ್ ಮಾಡಿ, ಫೈಲ್‌ಗಳನ್ನಷ್ಟೇ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕ್ಕೊಂಡೆ.

ಪ್ರೋ ಇಂದ ಹೋಮ್‌ಗೆ ಇದ್ದಂಗೇ ಇಳಿಯೋಕಾಗಲ್ಲ, ಫಾರ್ಮ್ಯಾಟೇ ಗತಿ. ಅದಕ್ಕೆ ಮುಂಚೆ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡ್ಕೊಂಡ್ವಿ, ಅಂದ್ರೆ ಮತ್ತೆ ಹಾಕ್ಕೊಳ್ಳೋ ಹಾಗೆ ಅದನ್ನ ಈ ಮೆಷಿನ್ನಿಂದ ಬಿಡಿಸ್ಕೊಂಡ್ವಿ (ಯುಗಾದೀಲಿ ಅಂಗಡಿಯವನು ಅದನ್ನ ಮಾಡದೇ ಫಾರ್ಮ್ಯಾಟ್ ಹೊಡೆದು, ಅದನ್ನ ಮತ್ತೆ ಸರಿ ಮಾಡ್ಸೋಕೆ ಅಕ್ಕ ಓಡಾಡಿದ್ದು ಬೇರೆ ಪುರಾಣ). ಇನ್ನೊಂದು ಕಂಪ್ಯೂಟರಲ್ಲಿ ಮೈಕ್ರೋಸಾಫ್ಟ್ ಸೈಟಿಂದಾನೇ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ ಪೆನ್‌ಡ್ರೈವ್ ಮಾಡಿ ಹಾಕಿದೆ. ಸೆಟಪ್ಪು ಯಾವ ಎಡಿಶನ್ ಬೇಕು ಅಂತ ಕೇಳಲೇ ಇಲ್ಲ, ಬಯೋಸಲ್ಲಿದ್ದ ಕೀ ಓದಿ ತಾನೇ ಸಿಂಗಲ್ ಲಾಂಗ್ವೇಜ್ ಹಾಕ್ಕೊಂಡು, ನೆಟ್ ಸಿಕ್ಕಿದ ಕೂಡ್ಲೇ ಆಕ್ಟಿವೇಟ್ ಆಯ್ತು. ಖರ್ಚು ಸೊನ್ನೆ. ಲ್ಯಾಪ್‌ಟಾಪ್ ಜೊತೆ ಬಂದಿದ್ದ ಆಫೀಸ್ 2019 ಕೂಡ ಅಕ್ಕನ ಹಳೇ ಅಕೌಂಟಲ್ಲೇ ಇತ್ತು, ಲಾಗಿನ್ ಆಗಿ ಇಳಿಸ್ಕೊಂಡ್ವಿ. ಅಂಗಡಿಯವನು ಅದನ್ನೂ ತೆಗೆದು ಕ್ರ್ಯಾಕ್ ಆಫೀಸ್ ಹಾಕಿದ್ದ! ಪಾಸ್‌ವರ್ಡೆಲ್ಲ ಹೊಸದಾಗಿ ಬದಲಾಯಿಸಿದ್ಲು.

ಆನ್‌ಲೈನಲ್ಲಿ 300, 400 ರೂಪಾಯಿಗೆ ಸಿಗೋ ಕೀಗಳೂ ಹೆಚ್ಚಿನವು ಇದೇ ಜಾತಿ, ಯಾವುದೋ ಕಂಪನಿಯ ವಾಲ್ಯೂಮ್ ಕೀನೋ ಹಳೇ ಮೆಷಿನ್ನಿಂದ ಎತ್ತಿದ್ದೋ ಆಗಿರುತ್ತೆ, ಇವತ್ತು ಆಕ್ಟಿವೇಟ್ ಆದ್ರೂ ನಾಳೆ ಬ್ಲಾಕ್ ಆಗಬಹುದು. ವಿಂಡೋಸ್ 7, 8ರ ಹಳೇ ಕೀ ಹಾಕಿ 11 ಆಕ್ಟಿವೇಟ್ ಮಾಡ್ಕೊಡ್ತೀನಿ ಅಂದ್ರೆ ನಂಬಬೇಡಿ, ಆ ದಾರಿನ ಮೈಕ್ರೋಸಾಫ್ಟು 2023ರಲ್ಲೇ ಮುಚ್ಚಿದೆ. ಮೆಷಿನ್ ಹಳೇದು, 11 ಹಾಕೋಕೆ ಬರಲ್ಲ ಅನ್ನೋರು ಗಾಬರಿಯಾಗಿ ಅಂಗಡಿಗೆ ಓಡಬೇಡಿ. ವಿಂಡೋಸ್ 10ರ ಕೊನೇ ವರ್ಷನ್ 22ಎಚ್2 ಇದ್ರೆ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್ ಅಂತ 2026ರ ಅಕ್ಟೋಬರ್ 13ರವರೆಗೂ ಕೊಟ್ಟಿದ್ದಾರೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡ್ಕೊಂಡ್ರೆ ಅದಕ್ಕೂ ದುಡ್ಡಿಲ್ಲ.

ಅಂಗಡಿಗೆ ಹೋಗಿ 1,800 ವಾಪಸ್ ಕೇಳಿದ್ವಿ. ಬಿಲ್ ತೋರಿಸಿ ಅಂದ. ಅವನು ಕೊಟ್ಟಿದ್ದ ಚೀಟೀಲಿ "ಸರ್ವಿಸ್ ಚಾರ್ಜ್" ಅಂತ ಮಾತ್ರ ಇತ್ತು, ವಿಂಡೋಸ್ ಅನ್ನೋ ಪದವೇ ಇಲ್ಲ. ದುಡ್ಡು ಕೊಡಲಿಲ್ಲ, ಬೇಕಾದ್ರೆ ಒಂದು ವರ್ಷದ ಆಂಟಿವೈರಸ್ ಫ್ರೀ ಹಾಕ್ಕೊಡ್ತೀನಿ, ಲ್ಯಾಪ್‌ಟಾಪ್ ಬಿಟ್ಟು ಹೋಗಿ ಅಂದ.